‘ಸರ್ವತೋಮುಖ ಬೆಳವಣಿಗೆ’ ಯಾವ ಶಾಲೆಯಲ್ಲಿ? ವಾಲ್ಡಾರ್ಫ್, ಮಾಂಟೆಸರಿ, ನಲಿಕಲಿ: ಕಲಬುರಗಿ ಕಡೆಯ ಪೋಷಕರಿಗೆ ಒಂದು ಹೋಲಿಕೆ

‘ಮಗುವಿನ ಸರ್ವತೋಮುಖ ಬೆಳವಣಿಗೆಯೇ ನಮ್ಮ ಗುರಿ.’ ಕಲಬುರಗಿ, ಬೀದರ್, ಯಾದಗಿರಿ ಎಲ್ಲೇ ಹೋಗಿ, ಖಾಸಗಿ ಶಾಲೆಗಳ ಬೋರ್ಡಿನ ಮೇಲೆ ಈ ಸಾಲು ಕಾಣುತ್ತದೆ. ಒಳಗೆ ಹೋದರೆ ನಾಲ್ಕು ವರ್ಷದ ಮಕ್ಕಳು ನಾಲ್ಕು ಗೆರೆಯ ಪುಸ್ತಕದಲ್ಲಿ ಎ ಬಿ ಸಿ ಡಿ ತುಂಬಿಸುತ್ತಾ ಕೂತಿರುತ್ತಾರೆ. ಬೋರ್ಡಿಗೂ ಬೆಂಚಿಗೂ ಸಂಬಂಧವೇ ಇಲ್ಲ. ಅದಕ್ಕೇ ಕೆಲವು ಪೋಷಕರು ಈಗ ಬೇರೆ ದಾರಿ ಹುಡುಕುತ್ತಿದ್ದಾರೆ. ವಾಲ್ಡಾರ್ಫ್ ಅಂದರೇನು, ಮಾಂಟೆಸರಿಗೂ ಅದಕ್ಕೂ ಏನು ವ್ಯತ್ಯಾಸ, ಸರ್ಕಾರಿ ಶಾಲೆಯ ನಲಿಕಲಿಯೂ ಇಂಥದ್ದೇ ಅಲ್ವಾ ಎಂದು ಕೇಳುತ್ತಾರೆ. ವಿವರಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ‘ಎಲ್ಲಾ ಛಲೋ ಅದರಿ, ಮುಂದ ಎಸ್ಸೆಸ್ಸೆಲ್ಸಿಗಿ ಏನ್ ಮಾಡ್ಬೇಕ್ರಿ?’

ಆ ಭಯ ಸುಮ್ನೆ ಹುಟ್ಟಿದ್ದಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇ 50.59ರೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತದ್ದು ಯಾದಗಿರಿ. 2025ರಲ್ಲಿ ಶೇ 42.43ರೊಂದಿಗೆ ಆ ಜಾಗಕ್ಕೆ ಕಲಬುರಗಿ ಬಂತು. ಇಂಥ ಕಡೆ ‘ಮಗುವಿಗೆ ಏಳು ವರ್ಷ ಆಗುವವರೆಗೆ ಓದು ಬರಹ ಬೇಡ’ ಎನ್ನುವ ವಾಲ್ಡಾರ್ಫಿನಂಥ ಶಾಲೆಯ ಬಗ್ಗೆ ಮಾತಾಡುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮೂರರಿಂದ ಆರು ವರ್ಷದ ಮಗುವಿಗೆ, ತರಬೇತಿ ಪಡೆದ ಶಿಕ್ಷಕಿ ಇದ್ದರೆ, ಮಾಂಟೆಸರಿ ಒಳ್ಳೆಯದು. ಆರರಿಂದ ಒಂಬತ್ತಕ್ಕೆ, ಚೆನ್ನಾಗಿ ನಡೆಯುವ ನಲಿಕಲಿ ತರಗತಿ ಹತ್ತಿರದಲ್ಲಿದ್ದರೆ ಅದನ್ನು ಬಿಟ್ಟು ದೂರ ಹೋಗುವ ಅಗತ್ಯ ಇಲ್ಲ. ಪೂರ್ತಿ ವಾಲ್ಡಾರ್ಫ್ ಶಾಲೆ ಬೇಕೆನ್ನುವವರು ಮನೆಯನ್ನೇ ಬೇರೆ ಊರಿಗೆ ಸಾಗಿಸಲು ತಯಾರಿರಬೇಕು. ಉಳಿದವರು ಅದರ ಕೆಲವು ಅಭ್ಯಾಸಗಳನ್ನು ಮನೆಗೆ ತಂದುಕೊಂಡರೂ ಲಾಭವೇ. ಹೀಗೆ ಯಾಕೆ ಹೇಳುತ್ತೇನೆ ಎನ್ನುವುದು ಕೆಳಗಿದೆ.

ವಾಲ್ಡಾರ್ಫ್: ತಲೆ, ಹೃದಯ, ಕೈ

1919. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ವಾಲ್ಡಾರ್ಫ್ ಅಸ್ಟೋರಿಯಾ ಎಂಬ ಸಿಗರೇಟ್ ಕಾರ್ಖಾನೆ ಇತ್ತು. ಅದರ ಮಾಲೀಕ ಎಮಿಲ್ ಮೋಲ್ಟ್ ತನ್ನ ಕಾರ್ಮಿಕರ ಮಕ್ಕಳಿಗೆ ಒಂದು ಶಾಲೆ ಮಾಡಿಕೊಡಿ ಎಂದು ಚಿಂತಕ ರುಡಾಲ್ಫ್ ಸ್ಟೈನರ್ ಅವರನ್ನು ಕೇಳಿದರು. ಹಾಗೆ ಶುರುವಾದ ಶಾಲೆಗೆ ಕಾರ್ಖಾನೆಯ ಹೆಸರೇ ಉಳಿಯಿತು. ಇವತ್ತು ನಮ್ಮ ದೇಶದಲ್ಲಿ ವಾಲ್ಡಾರ್ಫ್ ಎಂದರೆ ದುಡ್ಡಿದ್ದವರ ಶಾಲೆ. ಹುಟ್ಟಿದ್ದು ಮಾತ್ರ ಸಿಗರೇಟ್ ಕಾರ್ಖಾನೆಯ ಕೂಲಿಯವರ ಮಕ್ಕಳಿಗಾಗಿ.

ಸ್ಟೈನರ್ ಬಾಲ್ಯವನ್ನು ಏಳೇಳು ವರ್ಷದ ಹಂತಗಳಾಗಿ ನೋಡಿದರು. ಮೊದಲ ಏಳು ವರ್ಷ ಮಗು ನೋಡಿ, ಅನುಕರಿಸಿ, ಆಡಿ ಕಲಿಯುತ್ತದೆ. ಮುಂದಿನ ಏಳು ವರ್ಷ ಕತೆ, ಚಿತ್ರ, ಹಾಡು, ಭಾವನೆಗಳ ಮೂಲಕ. ತರ್ಕದಿಂದ ಯೋಚಿಸುವ ಕಲಿಕೆ ಹದಿನಾಲ್ಕರ ನಂತರ. ಶಾಲೆಯ ದಿನಚರಿಯೆಲ್ಲ ಇದರಿಂದಲೇ ಹುಟ್ಟಿದ್ದು.

ಬೆಳಗಿನ ಸುಮಾರು ಎರಡು ತಾಸು ಒಂದೇ ವಿಷಯ. ಮೂರು ನಾಲ್ಕು ವಾರ ಅದೇ ನಡೆಯುತ್ತದೆ, ಆಮೇಲೆ ಬೇರೆ ವಿಷಯ. ನಲವತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಗಣಿತ ಮುಚ್ಚು, ಹಿಂದಿ ತೆಗೆ ಎನ್ನುವ ಗಡಿಬಿಡಿ ಇಲ್ಲ. ಕೆಳಗಿನ ತರಗತಿಗಳಲ್ಲಿ ಪಠ್ಯಪುಸ್ತಕವೂ ಇರುವುದಿಲ್ಲ. ಶಿಕ್ಷಕರು ಹೇಳಿದ್ದನ್ನು ಮಗು ತನ್ನ ಮಾತಿನಲ್ಲಿ ಬರೆದು, ಚಿತ್ರ ಹಾಕಿ, ತನ್ನ ಪುಸ್ತಕವನ್ನು ತಾನೇ ಮಾಡಿಕೊಳ್ಳುತ್ತದೆ. ಅಕ್ಷರ ಕಲಿಸುವಾಗ ಮೊದಲು ಕತೆ, ನಂತರ ಚಿತ್ರ, ಕೊನೆಗೆ ಅಕ್ಷರ. ಇಂಗ್ಲಿಷಿನ ‘ಎಂ’ ಆದರೆ ಎರಡು ಶಿಖರದ ಬೆಟ್ಟದ ಚಿತ್ರದಿಂದ ಇಳಿದು ಬರುತ್ತದೆ. ಕನ್ನಡದ ‘ಕ’ ಯಾವ ಚಿತ್ರದಿಂದ ಬರಬೇಕು? ಅದನ್ನು ಶಿಕ್ಷಕರೇ ಕೂತು ಕಟ್ಟಬೇಕು. ವಾಲ್ಡಾರ್ಫ್ ಎಂದು ಹೇಳಿಕೊಳ್ಳುವ ಯಾವ ಶಾಲೆಗೆ ಹೋದರೂ ಈ ಒಂದು ಪ್ರಶ್ನೆ ಕೇಳಿ: ಕನ್ನಡ ಅಕ್ಷರ ಹೇಗೆ ಕಲಿಸುತ್ತೀರಿ, ಒಂದು ತೋರಿಸಿ. ಉತ್ತರ ಇದ್ದರೆ ಶಿಕ್ಷಕರು ಕೆಲಸ ಮಾಡಿದ್ದಾರೆ ಎಂದು ಅರ್ಥ.

ಕೈಕೆಲಸ ಇಲ್ಲಿ ಶನಿವಾರದ ಎಸ್‌ಯುಪಿಡಬ್ಲ್ಯು ಪಿರಿಯಡ್ ಅಲ್ಲ. ಒಂದನೇ ತರಗತಿಯಿಂದಲೇ ಗಂಡು ಹೆಣ್ಣು ಎನ್ನದೆ ಎಲ್ಲರೂ ಹೆಣಿಗೆ ಹಾಕುತ್ತಾರೆ. ಮೇಲಿನ ತರಗತಿಗಳಲ್ಲಿ ಮರಗೆಲಸ ಬರುತ್ತದೆ. ಮೂರನೇ ತರಗತಿಯಲ್ಲಿ ಬೇಸಾಯ, ಮನೆ ಕಟ್ಟುವುದು ಪಾಠದೊಳಗೇ ಸೇರಿವೆ. ಕಲಬುರಗಿಯ ಬಿಸಿಲಿನಲ್ಲಿ ಉಣ್ಣೆ ಹಿಡಿದು ಕೂರಿಸುವುದನ್ನು ನೆನೆದರೆ ನಗು ಬರುತ್ತದೆ ನಿಜ. ಆದರೆ ಹತ್ತಿ ದಾರ ಇದೆ, ಅಜ್ಜಿಯ ಕೌದಿ ಇದೆ, ತೊಗರಿ ಹೊಲ ಇದೆ, ಮನೆ ಕಟ್ಟುವ ಪಾಠಕ್ಕೆ ಶಹಾಬಾದ್ ಫರಸಿ ಇದೆ. ಜರ್ಮನಿಯದ್ದನ್ನು ಹಾಗೇ ತಂದಿಟ್ಟ ಶಾಲೆಗಿಂತ ಹೀಗೆ ಊರಿನದನ್ನು ಒಳಗೆ ತಂದ ಶಾಲೆ ಸ್ಟೈನರ್ ಹೇಳಿದ್ದಕ್ಕೆ ಹತ್ತಿರ ಎಂದು ನನಗನಿಸುತ್ತದೆ. ಇನ್ನೊಂದು ಮಾತು. ಬಸವಕಲ್ಯಾಣ ಇರುವ ಸೀಮೆಯವರು ನಾವು. ಕಾಯಕದ ಬಗ್ಗೆ ಭಾಷಣ ಮಾಡುತ್ತೇವೆ. ಫೀ ಕಟ್ಟಿದ ಮೇಲೆ ‘ಹುಡುಗನಿಗೆ ಹೊಲಿಗೆ ಯಾಕೆ ಕಲಿಸ್ತೀರಿ’ ಎಂದು ಕೇಳುವವರೂ ನಾವೇ.

ಎಂಟು ವರ್ಷ ಒಬ್ಬರೇ ಶಿಕ್ಷಕರು ಮಕ್ಕಳ ಜೊತೆ ಮುಂದಿನ ತರಗತಿಗೆ ಹೋಗುವುದು ಇನ್ನೊಂದು ಪದ್ಧತಿ. ಮಾಸ್ತರು ಒಳ್ಳೆಯವರಾದರೆ ಮಗುವಿನ ಪುಣ್ಯ. ಆಗಿಬರದಿದ್ದರೆ ಎಂಟು ವರ್ಷ ಅನುಭವಿಸಬೇಕು. ಅರ್ಧಕ್ಕೆ ಅವರು ಬಿಟ್ಟು ಹೋದರೆ ಇಡೀ ತರಗತಿಯೇ ಅಲುಗಾಡುತ್ತದೆ. ಹಾಗಾಗಿ ಇಂಥ ಶಾಲೆಗೆ ಹೋದರೆ ‘ಈಗ ಆರನೇ ತರಗತಿಯಲ್ಲಿರುವ ಮಕ್ಕಳಿಗೆ ಎಷ್ಟು ಜನ ಶಿಕ್ಷಕರು ಬದಲಾಗಿದ್ದಾರೆ’ ಎಂದು ಕೇಳಿ.

ಕಷ್ಟದ ಕಡೆಯನ್ನೂ ಹೇಳಬೇಕು. ಏಳು ವರ್ಷದ ಹಂತಗಳ ಲೆಕ್ಕ ಪ್ರಯೋಗ ಮಾಡಿ ಕಂಡುಕೊಂಡದ್ದಲ್ಲ. ಅದು ಸ್ಟೈನರ್ ಅವರ ಆಂಥ್ರೊಪೊಸೊಫಿ ಎಂಬ ಆಧ್ಯಾತ್ಮಿಕ ಚಿಂತನೆಯಿಂದ ಬಂದದ್ದು. ಅವರ ಬರಹಗಳಲ್ಲಿ ಜನಾಂಗಗಳನ್ನು ಮೇಲು ಕೀಳು ಎಂದು ಕಾಣುವ ಮಾತುಗಳಿವೆ, ಅದಕ್ಕೆ ತೀವ್ರ ಟೀಕೆಯೂ ಬಂದಿದೆ. ಶಾಲೆ ಈ ಚಿಂತನೆಯಲ್ಲಿ ಎಷ್ಟನ್ನು ತೆಗೆದುಕೊಂಡಿದೆ, ಎಷ್ಟನ್ನು ಬಿಟ್ಟಿದೆ ಎಂದು ನೇರವಾಗಿ ಕೇಳುವ ಹಕ್ಕು ಪೋಷಕರಿಗಿದೆ. ಓದು ತಡವಾಗಿ ಶುರುವಾಗುವುದು ಇನ್ನೊಂದು. ವಾಲ್ಡಾರ್ಫ್ ಬಿಟ್ಟು ಎರಡನೇ ತರಗತಿಗೆ ಬೇರೆ ಶಾಲೆಗೆ ಸೇರಿದ ಮಗು ಮೊದಲ ದಿನವೇ ಹಿಂದೆ ಉಳಿದಂತೆ ಕಾಣುತ್ತದೆ. ಒಂದೆರಡು ವರ್ಷ ರುಚಿ ನೋಡಿ ಬಿಡುವ ಪದ್ಧತಿ ಇದಲ್ಲ.

ಹೆಸರು ಮಾಡಿದ ವಾಲ್ಡಾರ್ಫ್ ಶಾಲೆಯನ್ನು ಕಣ್ಣಾರೆ ನೋಡಬೇಕೆಂದರೆ ನಮ್ಮವರು ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು. ಹೈದರಾಬಾದಿನ ಸ್ಲೋಕ ಶಾಲೆ ಈ ಪದ್ಧತಿಯದು. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್, ಕಲಬುರಗಿಯಿಂದ 220ರ ಆಸುಪಾಸು. ದಿನಾ ಹೋಗಿ ಬರುವ ದೂರ ಅಲ್ಲ. ಆರು ವರ್ಷದ ಮಗುವನ್ನು ಹಾಸ್ಟೆಲಿಗೆ ಹಾಕಿ ‘ಹೃದಯದ ಶಿಕ್ಷಣ’ ಕೊಡಿಸುವುದರಲ್ಲಿ ಅರ್ಥ ಇಲ್ಲ. ಆ ವಯಸ್ಸಿನಲ್ಲಿ ಮನೆಯ ಊಟ, ಮನೆಯ ನಿದ್ದೆ, ಮನೆಯ ಲಯ ಶಾಲೆಯಷ್ಟೇ ಮುಖ್ಯ ಎಂದು ಈ ಪದ್ಧತಿಯೇ ಹೇಳುತ್ತದೆ.

ಮಾಂಟೆಸರಿ: ಹೆಸರಿಗೆ ಕಾವಲಿಲ್ಲ

ಮರಿಯಾ ಮಾಂಟೆಸರಿ ಇಟಲಿಯ ವೈದ್ಯೆ. 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದರು. 1939ರಲ್ಲಿ ಭಾರತಕ್ಕೆ ಬಂದರು. ಎರಡನೇ ಮಹಾಯುದ್ಧದ ವರ್ಷಗಳನ್ನು ಇಲ್ಲೇ ಕಳೆದರು, ಮದ್ರಾಸಿನ ಅಡ್ಯಾರಿನಲ್ಲೂ ಕೊಡೈಕನಾಲ್‌ನಲ್ಲೂ ಇದ್ದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಹಾಗಾಗಿ ದಕ್ಷಿಣ ಭಾರತದಲ್ಲಿ ಮಾಂಟೆಸರಿ ಬೇರು ಗಟ್ಟಿ.

ವಾಲ್ಡಾರ್ಫ್ ಮತ್ತು ಮಾಂಟೆಸರಿ ಎರಡೂ ಬೈಗುಳ, ಬಡಿತ, ರ‍್ಯಾಂಕ್ ಬೇಡ ಎನ್ನುತ್ತವೆ. ಅಲ್ಲಿಗೆ ಹೋಲಿಕೆ ಹೆಚ್ಚುಕಡಿಮೆ ಮುಗಿಯಿತು. ವಾಲ್ಡಾರ್ಫ್ ಕೋಣೆಯಲ್ಲಿ ಶಿಕ್ಷಕರು ಕತೆ ಹೇಳುತ್ತಾರೆ, ಮಕ್ಕಳೆಲ್ಲ ಸೇರಿ ಕೇಳುತ್ತಾರೆ. ಮಾಂಟೆಸರಿ ಕೋಣೆಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಒಟ್ಟಿಗೆ ಇದ್ದರೂ ಒಬ್ಬೊಬ್ಬರು ಒಂದೊಂದು ಚಾಪೆ ಹಾಸಿಕೊಂಡು ತಮ್ಮ ಕೆಲಸದಲ್ಲಿರುತ್ತಾರೆ. ಒಬ್ಬಳು ಮರಳು ಕಾಗದದ ಅಕ್ಷರದ ಮೇಲೆ ಬೆರಳಾಡಿಸುತ್ತಾಳೆ. ಇನ್ನೊಬ್ಬ ಹತ್ತು ಗುಲಾಬಿ ಪೆಟ್ಟಿಗೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತಾನೆ. ತಪ್ಪಾದರೆ ಗೋಪುರವೇ ಹೇಳುತ್ತದೆ, ಟೀಚರ್ ಹೇಳಬೇಕಾಗಿಲ್ಲ. ಸ್ಟೈನರ್ ಚಿಕ್ಕ ಮಗುವಿಗೆ ಕಲ್ಪನೆಯ ಆಟ ಬೇಕು ಎಂದರೆ ಮಾಂಟೆಸರಿ ನಿಜವಾದ ಕೆಲಸ ಬೇಕು ಎನ್ನುತ್ತಾರೆ: ನಿಜವಾದ ಗ್ಲಾಸಿನಲ್ಲಿ ನೀರು ಸುರಿಯುವುದು, ಗುಂಡಿ ಹಾಕಿಕೊಳ್ಳುವುದು, ನೆಲ ಒರೆಸುವುದು. ಅಕ್ಷರವೂ ಇಲ್ಲಿ ಬೇಗ ಬರುತ್ತದೆ, ನಾಲ್ಕೈದು ವರ್ಷಕ್ಕೇ, ಒತ್ತಾಯ ಇಲ್ಲದೆ. ಒಂದನೇ ತರಗತಿಗೆ ಯಾವ ಶಾಲೆಗೆ ಹಾಕಿದರೂ ಮಗು ಒದ್ದಾಡುವುದಿಲ್ಲ. ನಮ್ಮ ಕಡೆಯ ಪೋಷಕರಿಗೆ ಇದು ದೊಡ್ಡ ಸಮಾಧಾನ.

ತೊಂದರೆ ಎಂದರೆ ಹೆಸರು. ‘ಮಾಂಟೆಸರಿ’ ಎಂದು ಯಾರು ಬೇಕಾದರೂ ಬೋರ್ಡ್ ಹಾಕಬಹುದು, ಕೇಳುವವರಿಲ್ಲ. ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಮಿಕ್ಕಿ ಮೌಸ್, ಎಲ್ಲರಿಗೂ ಒಂದೇ ರೈಮ್ಸ್ ಇದ್ದರೆ ಅದು ಸಾಮಾನ್ಯ ನರ್ಸರಿ. ಸಾಮಾನುಗಳು ಮಗುವಿನ ಕೈಗೆಟುಕುವ ಕಪಾಟಿನಲ್ಲಿವೆಯಾ, ಬೀಗ ಹಾಕಿದ ಶೋಕೇಸಿನಲ್ಲಿವೆಯಾ ನೋಡಿ. ಅವುಗಳ ಮೇಲೆ ದೂಳು ಕೂತಿದ್ದರೆ ಟೀಚರ್ ಹತ್ತಿರ ಮಾತಾಡುವುದೇ ಬೇಡ.

ನಲಿಕಲಿ: ನಮ್ಮದೇ, ಫೀ ಇಲ್ಲದ್ದು

ಹೀಗೆ ಹೋಲಿಸುವಾಗ ಹೆಚ್ಚಿನವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ಶಾಲೆ ಅಲ್ವಾ ಎಂಬ ತಾತ್ಸಾರ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಸರ್ಕಾರಿ ಶಾಲೆಯ ಶಿಕ್ಷಕರೇ ಸೇರಿ ಕಟ್ಟಿದ ಪದ್ಧತಿ ನಲಿಕಲಿ. ಸ್ಫೂರ್ತಿ ಬಂದದ್ದು ಆಂಧ್ರದ ರಿಷಿ ವ್ಯಾಲಿ ಸಂಸ್ಥೆಯ ಗ್ರಾಮೀಣ ಶಾಲೆಗಳಿಂದ. ರಿಷಿ ವ್ಯಾಲಿ ಜಿಡ್ಡು ಕೃಷ್ಣಮೂರ್ತಿ ಅವರ ಚಿಂತನೆಯ ಶಾಲೆ. ಅಂದರೆ ಪರ್ಯಾಯ ಶಿಕ್ಷಣ ಎಂದು ದುಡ್ಡು ಕೊಟ್ಟು ಹುಡುಕುವುದರ ಒಂದು ಕವಲು ಎಷ್ಟೋ ವರ್ಷದಿಂದ ನಮ್ಮೂರ ಸರ್ಕಾರಿ ಶಾಲೆಯಲ್ಲೇ ಇದೆ. 2009–10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಈಗ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುತ್ತಾರೆ.

ಚೆನ್ನಾಗಿ ನಡೆಯುವ ನಲಿಕಲಿ ಕೋಣೆಯೊಳಗೆ ಒಮ್ಮೆ ಇಣುಕಿ. ಬೆಂಚುಗಳ ಸಾಲು ಇರುವುದಿಲ್ಲ. ಐದು ಗುಂಪು. ಒಂದು ಗುಂಪಿಗೆ ಶಿಕ್ಷಕಿಯ ಪೂರ್ತಿ ಸಹಾಯ, ಇನ್ನೊಂದಕ್ಕೆ ಸ್ವಲ್ಪ, ಮತ್ತೆರಡಕ್ಕೆ ದೊಡ್ಡ ಮಕ್ಕಳ ಸಹಾಯ, ಕೊನೆಯದು ತಾನೇ ಕಲಿಯುವ ಗುಂಪು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಚಿಕ್ಕ ಚಿತ್ರಗಳು. ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂದು ನೋಡಿ, ಅದೇ ಚಿತ್ರದ ಕಾರ್ಡನ್ನು ತಟ್ಟೆಯಿಂದ ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರ, ಅದಕ್ಕೆ ಮಕ್ಕಳು ಮಾಡಿದ್ದನ್ನೆಲ್ಲ ನೇತುಹಾಕಿರುತ್ತಾರೆ. ಕೆಳಗೆ ಗೋಡೆಗೆ ಹೊಂದಿಕೊಂಡು ಮಕ್ಕಳ ಎತ್ತರಕ್ಕೇ ಕಪ್ಪು ಹಲಗೆ. ವಾರ ರಜೆ ಹಾಕಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಸುಗ್ಗಿ, ಜಾತ್ರೆ, ದುಡಿಯಲು ಮುಂಬೈ ಪುಣೆಗೆ ಹೋಗುವ ತಂದೆತಾಯಿ ಎಂದು ರಜೆಗಳು ಜಾಸ್ತಿ ಇರುವ ನಮ್ಮ ಹಳ್ಳಿ, ತಾಂಡಾಗಳ ಮಕ್ಕಳಿಗೆ ಈ ಒಂದು ಗುಣಕ್ಕೇ ಇದು ಬೇಕು.

ಅಕ್ಷರ ಕಲಿಸುವ ಕ್ರಮ ಕಂಡು ಪೋಷಕರು ಗಾಬರಿಯಾಗುವುದುಂಟು. ‘ಎರಡು ತಿಂಗಳಾಯ್ತು, ಅ ಆ ಇ ಈ ಹೇಳಲು ಬರುವುದಿಲ್ಲ’ ಎನ್ನುತ್ತಾರೆ. ಬರುವುದಿಲ್ಲ, ಯಾಕೆಂದರೆ ಇಲ್ಲಿ ಶುರುವಾಗುವುದು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ. ಕಾರಣ ಸರಳ. ಅ ಆ ಇ ಈ ನಾಲ್ಕು ಕಲಿತರೆ ‘ಆ’, ‘ಈ’ ಬಿಟ್ಟು ಬೇರೆ ಪದ ಓದಲಾಗದು. ಈ ಐದು ಕಲಿತರೆ ಸರ, ದರ, ರಸ, ಅಗಸ, ಅರಸ, ಗರಗಸ ಎಲ್ಲ ಓದಬಹುದು. ಶಾಲೆಗೆ ಸೇರಿದ ಕೆಲವೇ ವಾರದಲ್ಲಿ ಮಗು ಸ್ವಂತವಾಗಿ ‘ಗರಗಸ’ ಓದಿ, ಅದರ ಚಿತ್ರಕ್ಕೆ ಹೊಂದಿಸುವಾಗ ಮುಖ ನೋಡಬೇಕು. ಕನ್ನಡಕ್ಕೆಂದೇ ಯೋಚಿಸಿ ಮಾಡಿದ ಕ್ರಮ ಇದು. ಮೇಲಿನ ಎರಡು ಪದ್ಧತಿಗಳಲ್ಲಿ ಕನ್ನಡಕ್ಕೆ ಇಷ್ಟು ಕೆಲಸ ಆಗಿರುವುದನ್ನು ನಾನು ಕಂಡಿಲ್ಲ.

ಆದರೆ ‘ಚೆನ್ನಾಗಿ ನಡೆಯುವ’ ಎಂಬ ಮಾತನ್ನು ಮರೆಯಬೇಡಿ. ಕಾರ್ಡುಗಳು ಹರಿದು ಹೋಗಿರುತ್ತವೆ. ಕಲ್ಯಾಣ ಕರ್ನಾಟಕದಲ್ಲಿ ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಗಳಿಗೆ ಕೊರತೆಯಿಲ್ಲ. ಅತಿಥಿ ಶಿಕ್ಷಕರು ವರ್ಷ ವರ್ಷ ಬದಲಾಗುತ್ತಾರೆ, ಇದ್ದವರನ್ನು ಸಮೀಕ್ಷೆಗೆ ಹಾಕುತ್ತಾರೆ. ಐದು ಗುಂಪನ್ನೂ ಬಿಟ್ಟು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಹಲಗೆ ನೋಡಿ ಬರೆಸುವ ಕೋಣೆಗಳೂ ಇವೆ. ಇನ್ನು ನಾಲ್ಕನೇ ತರಗತಿಗೆ ಬಂದ ಕೂಡಲೇ ಕಾರ್ಡು ಹೋಗಿ ಪಠ್ಯಪುಸ್ತಕ ಬರುತ್ತದೆ. ಆ ಜಿಗಿತಕ್ಕೆ ಮಗುವಿಗೆ ಮನೆಯಲ್ಲಿ ಯಾರಾದರೂ ಜೊತೆ ಕೂರಬೇಕು. ಸರ್ಕಾರಿ ಎಂದು ಕಣ್ಣುಮುಚ್ಚಿ ಬಿಡಬೇಡಿ, ನಲಿಕಲಿ ಎಂದು ಕಣ್ಣುಮುಚ್ಚಿ ಸೇರಿಸಲೂ ಬೇಡಿ.

ಉಳಿದವು, ಚುಟುಕಾಗಿ

ಗಾಂಧೀಜಿಯ ನಯೀ ತಾಲೀಮ್ 1937ರ ವಾರ್ಧಾ ಸಮ್ಮೇಳನದಲ್ಲಿ ರೂಪು ಪಡೆಯಿತು. ಒಂದು ಕಸುಬನ್ನು ಹಿಡಿದು ಅದರ ಸುತ್ತ ಎಲ್ಲ ವಿಷಯ ಕಲಿಸುವುದು, ಮಾತೃಭಾಷೆಯಲ್ಲಿ. ಬೀದರಿನಲ್ಲಿ ಕೂತು ಇದನ್ನು ಓದುವವರಿಗೆ ಬಿದರಿ ಕೆಲಸ ನೆನಪಾಗದೆ ಇರುವುದಿಲ್ಲ. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ಯುವಾಗ ಅನುಪಾತದ ಗಣಿತ. ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕಪ್ಪು ಬರಿಸುವಾಗ ರಸಾಯನಶಾಸ್ತ್ರ. ಬೆಳ್ಳಿ ತಂತಿ ಕೂರಿಸುವ ಬಳ್ಳಿಯ ವಿನ್ಯಾಸದಲ್ಲಿ ಜ್ಯಾಮಿತಿ, ಅದರ ಹಿಂದೆ ಬಹಮನಿ ಕಾಲದ ಇತಿಹಾಸ. ಎಂಟನೇ ತರಗತಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕಾ? ಪದ್ಧತಿಯಾಗಿ ನಯೀ ತಾಲೀಮ್ ಇವತ್ತು ಕೆಲವೇ ಕಡೆ ಉಳಿದಿದೆ. ಆದರೆ ಯಾವ ಶಾಲೆಯ ಮಗುವನ್ನಾದರೂ ಒಂದು ದಿನ ಬಿದರಿ ಕಾರ್ಖಾನೆಗೆ ಕರೆದುಕೊಂಡು ಹೋಗಿ ಕೂರಿಸಬಹುದು.

ಅಜೀಂ ಪ್ರೇಮ್‌ಜಿ ಫೌಂಡೇಶನ್ ಯಾದಗಿರಿಯಲ್ಲಿ ಶಾಲೆ ನಡೆಸುತ್ತದೆ. ಫೀ ತೆಗೆದುಕೊಳ್ಳುವುದಿಲ್ಲ. ಆ ಭಾಗದವರು ಹೋಗಿ ಸೀಟು ವಿಚಾರಿಸಬಹುದು. ‘ಇಂಟಿಗ್ರೇಟೆಡ್’, ‘ಒಲಿಂಪಿಯಾಡ್’ ಎಂದು ಒಂದನೇ ತರಗತಿಯಿಂದಲೇ ನೀಟ್ ಮಾತಾಡುವ ಶಾಲೆಗಳ ಬಗ್ಗೆ ಈ ಬರಹದಲ್ಲಿ ಹೇಳಲು ಏನೂ ಇಲ್ಲ. ಮನೆಯಲ್ಲೇ ಕಲಿಸಿ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಬರೆಸುವ ದಾರಿಯೂ ಇದೆ. ಒಬ್ಬರು ಪೂರ್ತಿ ಮನೆಯಲ್ಲೇ ಇರುವ, ದುಡಿಮೆಗೆ ತೊಂದರೆ ಇಲ್ಲದ ಕುಟುಂಬಕ್ಕೆ ಮಾತ್ರ ಅದು.

ನವೋದಯ, ಮೊರಾರ್ಜಿ ಯೋಚನೆ ಇದ್ದರೆ

ನಮ್ಮ ಕಡೆ ಮಗು ನಾಲ್ಕನೇ ತರಗತಿಗೆ ಬಂದ ಕೂಡಲೇ ಈ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಕೋಚಿಂಗ್ ಮಾತು ಶುರು. ನವೋದಯದ ಆರನೇ ತರಗತಿ ಪರೀಕ್ಷೆ ಎರಡು ತಾಸಿನದು, 80 ಪ್ರಶ್ನೆ, ಅದರಲ್ಲಿ 40 ಬುದ್ಧಿಶಕ್ತಿಯ ಚಿತ್ರಗಳು, 20 ಗಣಿತ, 20 ಭಾಷೆ. ಆಕಾರ ಹೊಂದಿಸುವ, ಮಾದರಿ ಗುರುತಿಸುವ ಆ 40 ಪ್ರಶ್ನೆಗಳಿಗೆ ಕೈಯಲ್ಲಿ ಸಾಮಾನು ಹಿಡಿದು ಆಡಿದ ಮಗು ಹೆದರುವುದಿಲ್ಲ. ಮಾಂಟೆಸರಿ, ನಲಿಕಲಿ ಮಕ್ಕಳಿಗೆ ಐದನೇ ತರಗತಿಯಲ್ಲಿ ಒಂದಿಷ್ಟು ಅಭ್ಯಾಸ ಮಾಡಿಸಿದರೆ ಸಾಕು. ವಾಲ್ಡಾರ್ಫ್ ಮಗುವಿಗೆ ಮಾತ್ರ ಇದು ಕಷ್ಟ. ಬುದ್ಧಿ ಕಮ್ಮಿ ಎಂದಲ್ಲ, ಆ ವಯಸ್ಸಿಗೆ ಗಡಿಯಾರ ನೋಡಿಕೊಂಡು ಉತ್ತರದ ಹಾಳೆಯಲ್ಲಿ ವೃತ್ತ ತುಂಬುವ ಪರೀಕ್ಷೆಯನ್ನೇ ಅದು ಕಂಡಿರುವುದಿಲ್ಲ. ಎಂಟನೇ ತರಗತಿವರೆಗೆ ಅಲ್ಲೇ ಇರಿಸುವುದಾದರೆ ಸೇರಿಸಿ. ಆರಕ್ಕೆ ನವೋದಯ ಎಂದು ಈಗಲೇ ತಲೆಯಲ್ಲಿದ್ದರೆ ಬೇಡ.

ಕಾಗದಪತ್ರ: ಇಲ್ಲೇ ಜಾಸ್ತಿ ಜನ ಎಡವುವುದು

ಶಾಲೆ ಎಷ್ಟೇ ಚೆನ್ನಾಗಿರಲಿ, ಮೊದಲು ಮಾನ್ಯತೆ ಪತ್ರ ಕೇಳಿ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸುವ ಹಾಗಿಲ್ಲ. ‘ನಮ್ಮದು ಕಲಿಕಾ ಕೇಂದ್ರ, ಪರ್ಯಾಯ ಸಂಸ್ಥೆ’ ಎಂದರೆ ಮಗುವಿಗೆ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ವಿದ್ಯಾರ್ಥಿಯ ಸಂಖ್ಯೆ) ಇದೆಯಾ, ಟಿ.ಸಿ. ಕೊಡುತ್ತೀರಾ ಎಂದು ಕೇಳಿ.

ಇದರ ಪರಿಣಾಮ ಹನ್ನೆರಡು ವರ್ಷ ಬಿಟ್ಟು ಸಿಇಟಿ ಹೊತ್ತಿಗೆ ಗೊತ್ತಾಗುತ್ತದೆ. ಸಿಇಟಿ ಸೀಟಿನಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗದ ದಾಖಲೆ ಬೇಕು. ನಡುವೆ ಎರಡು ವರ್ಷ ಮಾನ್ಯತೆ ಇಲ್ಲದ ಕಡೆ ಓದಿಸಿದರೆ ಆ ಸರಪಳಿ ಕಡಿಯಿತು. ಹೈದರಾಬಾದಿಗೆ ಕಳಿಸುವವರು ಇನ್ನೊಂದು ಲೆಕ್ಕ ಹಾಕಬೇಕು. ಕರ್ನಾಟಕದ ಸೀಟಿಗೆ ಸಾಮಾನ್ಯವಾಗಿ ಕೇಳುವ ಷರತ್ತು, ಒಂದರಿಂದ ಹನ್ನೆರಡರೊಳಗೆ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಇಲ್ಲಿಂದಲೇ ಪಾಸಾಗಿರಬೇಕು. ತಂದೆತಾಯಿಯ ಓದು, ನೌಕರಿ ಆಧಾರದ ಬೇರೆ ಕಲಂಗಳಿವೆ, ಅವಕ್ಕೆ ಬೇರೆ ದಾಖಲೆ ಓಡಾಟ. ಒಂದರಿಂದ ಎಂಟರವರೆಗೆ ಹೈದರಾಬಾದಿನಲ್ಲಿ ಓದಿಸಿ ಒಂಬತ್ತಕ್ಕೆ ಬೀದರಿಗೆ ಕರೆತಂದರೆ ಸಿಗುವುದು ನಾಲ್ಕೇ ವರ್ಷ.

ಶಾಲೆ ನೋಡಲು ಹೋದಾಗ

ಏಪ್ರಿಲ್, ಮೇ ತಿಂಗಳಲ್ಲಿ ಹೋಗಬೇಡಿ. ಆಗ ಮಕ್ಕಳಿರುವುದಿಲ್ಲ, ಬ್ರೋಷರ್ ಮಾತ್ರ ಇರುತ್ತದೆ. ಹಿಂದಿನ ವರ್ಷದ ಆಗಸ್ಟ್ ಅಥವಾ ನವೆಂಬರಿನಲ್ಲಿ, ಮಾಮೂಲಿ ದಿನ, ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಹೋಗಿ. ತರಗತಿಯ ಹಿಂದೆ ಅರ್ಧ ತಾಸು ಕೂರಲು ಬಿಡುತ್ತಾರಾ ಕೇಳಿ. ಬಿಡದಿದ್ದರೆ ಅಲ್ಲಿಗೆ ಮುಗಿಯಿತು.

ಕೂತಾಗ ಯಾರು ಜಾಸ್ತಿ ಮಾತಾಡುತ್ತಿದ್ದಾರೆ ನೋಡಿ. ತಪ್ಪು ಮಾಡಿದ ಮಗುವಿಗೆ ಏನಾಗುತ್ತದೆ ನೋಡಿ. ಮನೆಯಲ್ಲಿ ಉರ್ದು, ಲಂಬಾಣಿ, ಮರಾಠಿ, ತೆಲುಗು ಆಡುವ ಮಕ್ಕಳು ತಮ್ಮ ಮಾತಿನಲ್ಲಿ ಒಂದು ಪದ ಹೇಳಿದರೆ ಶಿಕ್ಷಕಿ ನಕ್ಕು ಮುಂದುವರಿಸುತ್ತಾರಾ, ಗದರಿಸುತ್ತಾರಾ? ಮಗುವನ್ನು ಇಡಿಯಾಗಿ ನೋಡುತ್ತೇವೆ ಎನ್ನುವ ಶಾಲೆ ಮನೆಮಾತನ್ನು ಗೇಟಿನ ಹೊರಗೆ ನಿಲ್ಲಿಸಿದರೆ ಹೇಗೆ? ಸ್ಟಾಫ್ ರೂಮಿನ ಶಿಕ್ಷಕರನ್ನು ಎಷ್ಟು ವರ್ಷದಿಂದ ಇದ್ದೀರಿ ಎಂದು ಮೆಲ್ಲಗೆ ಕೇಳಿ. ಆಮೇಲೆ ಶೌಚಾಲಯ, ಕುಡಿಯುವ ನೀರು, ಆಟದ ಬಯಲಿನಲ್ಲಿ ನೆರಳು. ಮಾರ್ಚಿನ ಬಿಸಿಲಿನಲ್ಲಿ ಮರ ಇಲ್ಲದ ಮೈದಾನದಲ್ಲಿ ಯಾವ ಪದ್ಧತಿಯ ಮಗುವೂ ಆಡುವುದಿಲ್ಲ.

ಮನೆಗೆ ತರಬಹುದಾದದ್ದು

ಯಾವ ಶಾಲೆಗೆ ಹಾಕಿದರೂ ವಾಲ್ಡಾರ್ಫಿನಿಂದ ಮೂರು ಅಭ್ಯಾಸ ಕದಿಯಬಹುದು. ರಾತ್ರಿ ಪುಸ್ತಕ, ಮೊಬೈಲ್ ಇಲ್ಲದೆ ಬಾಯಿಂದ ಒಂದು ಕತೆ. ಅದೇ ಕತೆ ವಾರವಿಡೀ ಹೇಳಿದರೂ ಮಗುವಿಗೆ ಬೇಸರ ಬರುವುದಿಲ್ಲ, ನಮಗೆ ಬರುತ್ತದೆ ಅಷ್ಟೇ. ಎರಡನೆಯದು ಕೈಗೆ ಒಂದು ಕೆಲಸ: ಕೌದಿಗೆ ದಾರ ಎಳೆಯುವುದು, ಅವರೆ ಸುಲಿಯುವುದು, ರೊಟ್ಟಿ ಹಿಟ್ಟಿನ ಒಂದು ಉಂಡೆ ಬಡಿಯುವುದು. ವಕ್ರವಾದರೂ ಆ ರೊಟ್ಟಿಯನ್ನು ಬೇಯಿಸಿ ಅದರ ತಟ್ಟೆಗೇ ಹಾಕಿ. ಮೂರನೆಯದು ಏಳು ವರ್ಷದವರೆಗೆ ಊಟಕ್ಕೆ ಕೂತಾಗ ಮೊಬೈಲ್ ಕೊಡದಿರುವುದು. ಇದು ಮೂರರಲ್ಲೂ ಕಷ್ಟದ್ದು, ಯಾಕೆಂದರೆ ನಾವೂ ಇಡಬೇಕಾಗುತ್ತದೆ.

ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬುದು ಈಗಿನ ನಿಯಮ. ಹಾಗಾಗಿ ಮೂರು ವರ್ಷದ ಮಗುವಿಗೆ ಹುಡುಕಲು ಇನ್ನೂ ಸಮಯ ಇದೆ. ಸೀಟು ಹೋಗುತ್ತದೆ ಎಂದು ಹೆದರಿಸಿ ಇವತ್ತೇ ಅಡ್ವಾನ್ಸ್ ಕಟ್ಟಿ ಎನ್ನುವ ಶಾಲೆ ಇದ್ದರೆ, ಬರಿ ‘ನಾಳೆ ಬರುತ್ತೇವೆ’ ಎಂದು ಎದ್ದು ಬನ್ನಿ.